ಒಂದಗುಳಿನ ತೀರ್ಪು

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ಅಂಡಾಶಯದ ಗೆಡ್ಡೆಗೆ ಈ ಮಾತು ಎಷ್ಟು ಒಪ್ಪುತ್ತದೆ? ಆಪರೇಷನ್ ನಡುವೆಯೇ ಗೆಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ನೋಡುವ ಪರೀಕ್ಷೆಗೆ, ಅಂದರೆ ಫ್ರೋಜನ್ ಸೆಕ್ಷನ್‌ಗೆ, ಬೆಲೆ ಕಟ್ಟಲು ಹೊರಟರೆ ಮೊದಲು ಎದುರಾಗುವುದೇ ಈ ಪ್ರಶ್ನೆ.

ಸಂಶಯದ ಗೆಡ್ಡೆ ಅಂಡಾಶಯದೊಳಗೇ ಇರುವಾಗ ವೈದ್ಯರು ಸಾಮಾನ್ಯವಾಗಿ ಸೂಜಿ ಚುಚ್ಚುವುದಿಲ್ಲ; ಕ್ಯಾನ್ಸರ್ ಆಗಿದ್ದರೆ ಹೊಟ್ಟೆಯೆಲ್ಲ ಹರಡೀತೆಂಬ ಭಯ. ಆದ್ದರಿಂದ ಒಡೆಯದಂತೆ ಇಡಿಯಾಗಿ ತೆಗೆದು, ರೋಗಿಗೆ ಅರಿವಳಿಕೆ ಇರುವಾಗಲೇ ಪೆಥಾಲಜಿಸ್ಟ್‌ಗೆ ಕಳಿಸುತ್ತಾರೆ. ಅವರು ಅದನ್ನು ಕೊಯ್ದು, ಗಟ್ಟಿಯಾಗಿ ಕಂಡ ಕಡೆಯಿಂದ ಒಂದೆರಡು ಚೂರು ಆರಿಸಿ, ಮೈನಸ್ 20 ಡಿಗ್ರಿ ಆಸುಪಾಸಿನ ಕ್ರಯೋಸ್ಟಾಟ್‌ನಲ್ಲಿ ಹೆಪ್ಪುಗಟ್ಟಿಸುತ್ತಾರೆ. ಅಲಗಿನಿಂದ ಇಳಿಯುವ ಪದರ ಸುರುಳಿ ಸುತ್ತದಂತೆ ಕುಂಚದ ತುದಿಯಿಂದ ಒತ್ತಿಹಿಡಿದು ಗಾಜಿನ ಸ್ಲೈಡ್ ತಾಕಿಸಿದರೆ, ಅದು ಅಲ್ಲೇ ಕರಗಿ ಅಂಟಿಕೊಳ್ಳುತ್ತದೆ. ಬಣ್ಣ ಹಾಕಿ, ನೋಡಿ, ಥಿಯೇಟರಿಗೆ ಫೋನ್ ಮಾಡುವಷ್ಟರಲ್ಲಿ 20–30 ನಿಮಿಷ. ಗರ್ಭಕೋಶವನ್ನೂ ತೆಗೆಯಬೇಕೇ ಎಂದು ಸರ್ಜನ್ ನಿರ್ಧರಿಸುವುದು ಆ ಉತ್ತರ ಕೇಳಿ. 1905ರಲ್ಲಿ ಮೇಯೊ ಕ್ಲಿನಿಕ್‌ನ ಲೂಯಿ ವಿಲ್ಸನ್ ರೂಢಿಗೆ ತಂದ ಈ ಕ್ರಮದ ತಿರುಳು ಈಗಲೂ ಅದೇ.

ಫ್ರೋಜನ್ ಸೆಕ್ಷನ್ ‘ಕ್ಯಾನ್ಸರ್’ ಎಂದರೆ ನಂಬಬಹುದು. 11,181 ಮಹಿಳೆಯರ ಮಾಹಿತಿ ಕಲೆಹಾಕಿದ 2016ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಕ್ಯಾನ್ಸರ್ ಇದ್ದವರಲ್ಲಿ ಶೇ. 90 ಮಂದಿಯನ್ನು ಅದು ಹಿಡಿಯುತ್ತದೆ. ಇಲ್ಲದವರನ್ನು ‘ಇದೆ’ ಎಂದು ಹೆದರಿಸುವುದು ತೀರಾ ಅಪರೂಪ. ಎಡವುವುದು ‘ಬಾರ್ಡರ್‌ಲೈನ್’, ಅಂದರೆ ಸಾಧಾರಣ ಗೆಡ್ಡೆಗೂ ಕ್ಯಾನ್ಸರಿಗೂ ನಡುವಿನದು, ಎಂದಾಗ. ಹಾಗೆ ಕರೆಸಿಕೊಂಡ ಐದರಲ್ಲಿ ಒಂದು, ಪೂರ್ತಿ ವರದಿ ಬಂದಾಗ ಕ್ಯಾನ್ಸರೇ ಆಗಿರುತ್ತದೆ.

ಲೋಳೆ ತುಂಬಿದ ಮ್ಯೂಸಿನಸ್ ಗೆಡ್ಡೆಗಳು ವಿಶೇಷವಾಗಿ ಮೋಸ ಮಾಡುತ್ತವೆ. ಕೆಲವು ಹಲಸಿನ ಹಣ್ಣಿನಷ್ಟು ಬೆಳೆದಿರುತ್ತವೆ. ಈ ಪಾತ್ರೆಯಲ್ಲಿ ಒಂದು ಮೂಲೆ ಅನ್ನ, ಇನ್ನೊಂದು ಮೂಲೆ ಬರೀ ಅಕ್ಕಿ. ಆಮೇಲಿನ ಪರೀಕ್ಷೆಯಲ್ಲಿ ಸೆಂಟಿಮೀಟರಿಗೆ ಒಂದರಂತೆ ಚೂರು ತೆಗೆಯುವ ಗೆಡ್ಡೆಯನ್ನು ಇಲ್ಲಿ ಎರಡೇ ಅಗುಳಿನಲ್ಲಿ ಅಳೆಯಬೇಕು.

ನನ್ನ ತಕರಾರು ಪರೀಕ್ಷೆಯ ಮೇಲಲ್ಲ, ‘ಹೌದೋ ಅಲ್ಲವೋ ಹೇಳಿ ಸಾರ್’ ಎಂಬ ಫೋನಿನ ಅವಸರದ ಮೇಲೆ. ‘ಪೂರ್ತಿ ವರದಿ ಬರಲಿ’ ಎಂಬುದೂ ಉತ್ತರವೇ. ಮಕ್ಕಳು ಬೇಕೆನ್ನುವ 25ರ ಹುಡುಗಿಗೆ ಬೇಕಾದರೆ ಇನ್ನೊಮ್ಮೆ ಆಪರೇಷನ್ ಮಾಡಬಹುದು, ತೆಗೆದ ಗರ್ಭಕೋಶ ಮರಳಿ ಇಡಲಾಗದು. ಅರವತ್ತು ದಾಟಿದ, ಹೃದಯ ದುರ್ಬಲವಿರುವ ಅಜ್ಜಿಗೆ ಎರಡನೆಯ ಅರಿವಳಿಕೆಯೇ ದೊಡ್ಡ ಗಂಡಾಂತರ. ಅಲ್ಲಿ ಲೆಕ್ಕ ಬೇರೆ.

ಆ ಫೋನ್ ಬರುವಾಗ ಇಬ್ಬರಿಗೂ ಎಚ್ಚರವಿರುವುದಿಲ್ಲ. ‘ಸಂಶಯ ಬಂದರೆ ಏನು ಮಾಡೋಣಮ್ಮಾ?’ ಎಂದು ಹಿಂದಿನ ದಿನವೇ ಕೇಳದಿದ್ದರೆ, ಉಳಿಯುವುದು ಒಪ್ಪಿಗೆ ಪತ್ರದ ಆ ಒಂದು ಸಾಲು: ‘ಅಗತ್ಯ ಬಿದ್ದಲ್ಲಿ ಗರ್ಭಕೋಶ ತೆಗೆಯಲು’. ಕೆಳಗೆ ಸಹಿ.