ಖಿದ್ರಾಪುರದ ತೆರೆದ ಭುವನೇಶ್ವರಿ

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ನರಸೋಬವಾಡಿಯನ್ನು ಕಾಣದವರು ಕಡಿಮೆ. ಊರಿಗೆ ಹೋಗುವಾಗಲೋ ಬರುವಾಗಲೋ ಒಮ್ಮೆ ವಾಡಿಗೆ ಇಳಿದು, ಕೃಷ್ಣಾ–ಪಂಚಗಂಗೆಯರ ಸಂಗಮದಲ್ಲಿ ಕೈಕಾಲು ತೊಳೆದು, ಪೇಢೆ ಕಟ್ಟಿಸಿಕೊಂಡು ಬಸ್ಸು ಹಿಡಿಯುವುದು ನಮ್ಮ ರೂಢಿ. ಅಲ್ಲಿಂದ ಕುರುಂದವಾಡದ ಮೇಲೆ ಹಾಯ್ದು ಸುಮಾರು ಇಪ್ಪತ್ತು ಕಿಲೋಮೀಟರು ಮುಂದೆ ಹೋದರೆ, ಕೃಷ್ಣೆಯ ದಂಡೆಯಲ್ಲಿ, ನಾಡಿನ ಗಡಿ ಕಣ್ಣಳತೆಯಲ್ಲಿರುವಾಗ ಖಿದ್ರಾಪುರ ಸಿಗುತ್ತದೆ. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಸಣ್ಣ ಊರು. ಅಲ್ಲಿ ಕೋಪೇಶ್ವರನ ಗುಡಿ ಇದೆ. ವಾಡಿಯವರೆಗೆ ಹೋದವರು ಇಷ್ಟು ದೂರ ಹೋಗದೆ ಹಿಂತಿರುಗುವುದು ನನಗೆ ಯಾವಾಗಲೂ ಸೋಜಿಗದ ಸಂಗತಿ.

ಹೋದವರೂ ಅದನ್ನು ನೋಡುತ್ತಾರೆಯೇ ಎಂಬುದು ಬೇರೆ ಮಾತು. ನಮ್ಮವರು ಹೋದರೆ ಮೊದಲು ಕೇಳುವುದು, “ಕನ್ನಡ ಶಾಸನ ಎಲ್ಲಿದೆ?” ಎಂದು. ಇದೆ, ಹಳಗನ್ನಡದ ಬರಹಗಳು ಅಲ್ಲಿ ಇವೆ. ಗುಡಿ ಕಟ್ಟಿಸಿದವರೆಂದು ಹೇಳಲಾಗುವ ಕೊಲ್ಲಾಪುರದ ಶಿಲಾಹಾರರು ಕಲ್ಯಾಣ ಚಾಲುಕ್ಯರ ಸಾಮಂತರು. ಅವರ ಶಾಸನಗಳಲ್ಲಿ ಕನ್ನಡ ಧಾರಾಳವಾಗಿದೆ. ಅದೇ ಮನೆತನದ ವಿಜಯಾದಿತ್ಯನ ಆಸ್ಥಾನದ ಆಶ್ರಯದಲ್ಲಿ ಕರ್ಣಪಾರ್ಯ ‘ನೇಮಿನಾಥ ಪುರಾಣ’ವನ್ನು ಬರೆದ. ಹೀಗಾಗಿ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಅದೇ ಗುಡಿಯ ದಕ್ಷಿಣದ ಬಾಗಿಲ ಬಳಿ ಯಾದವ ಸಿಂಘಣನ ಶಾಸನವಿದೆ. ಅದು ಸಂಸ್ಕೃತ ಭಾಷೆ, ದೇವನಾಗರಿ ಲಿಪಿ. 13ನೆಯ ಶತಮಾನದ ಆರಂಭದ್ದು. ಶಿಲಾಹಾರರ ಕೊನೆಯ ಅರಸ ಎರಡನೆಯ ಭೋಜನನ್ನು ಸೋಲಿಸಿ ಈ ಸೀಮೆಯನ್ನು ಗೆದ್ದವನು ಈ ಸಿಂಘಣ. ಅವನ ವಂಶದವರೋ ನೂರಾರು ಶಾಸನಗಳನ್ನು ಕನ್ನಡದಲ್ಲಿ ಬರೆಸಿದವರು! ಲಿಪಿಯ ಮೇಲೆ ಗುಡಿಯನ್ನು ಹಂಚಲು ಹೊರಟರೆ ಯಾವ ಕಲ್ಲು ಯಾರ ಪಾಲಿಗೆ ಬಂದೀತು? ಶಂ. ಬಾ. ಜೋಶಿಯವರು ‘ಕಣ್ಮರೆಯಾದ ಕನ್ನಡ’ದಲ್ಲಿ ಎತ್ತಿದ ಪ್ರಶ್ನೆಗಳು ಮಹತ್ತ್ವದವು, ಅದರಲ್ಲಿ ಸಂಶಯವಿಲ್ಲ. ಆದರೆ ನಾವು ಅವರ ಪ್ರಶ್ನೆಗಳನ್ನು ಬಿಟ್ಟು ಹೆಮ್ಮೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಶಾಸನದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಆ ಶಾಸನ ಯಾವುದರ ಮೇಲಿದೆಯೋ ಆ ಕಟ್ಟಡವನ್ನೇ ನೋಡದೆ ಬರುತ್ತೇವೆ.

ಇನ್ನು ಕಥೆ. ದಕ್ಷಯಜ್ಞಕ್ಕೆ ದಾಕ್ಷಾಯಿಣಿ ನಂದಿಯನ್ನು ಏರಿ ಹೋದಳು. ಅಲ್ಲಿ ಅವಳು ದೇಹ ತ್ಯಜಿಸಿದ ಮೇಲೆ ಶಿವ ಕೋಪಗೊಂಡ. ವಿಷ್ಣು ಬಂದು ಸಮಾಧಾನಪಡಿಸಿದ. ಆದ್ದರಿಂದ ಗರ್ಭಗುಡಿಯಲ್ಲಿ ಎರಡು ಲಿಂಗ, ಒಂದು ಕೋಪೇಶ್ವರ, ಇನ್ನೊಂದು ವಿಷ್ಣುರೂಪಿಯಾದ ಧೋಪೇಶ್ವರ. ಶಿವನ ಗುಡಿಯಾದರೂ ಎದುರಿಗೆ ನಂದಿಯಿಲ್ಲ. ನಂದಿ ಉಳಿದದ್ದು ಚಿಕ್ಕೋಡಿ ತಾಲೂಕಿನ ಯಡೂರಿನಲ್ಲಿ ಎನ್ನುತ್ತಾರೆ. ವೀರಭದ್ರನ ಯಡೂರು ನಮ್ಮ ಬೆಳಗಾವಿ ಕಡೆಯ ಓದುಗರಿಗೆ ಮನೆಯಂಗಳವಿದ್ದಂತೆ. ದೇವರು ಮಹಾರಾಷ್ಟ್ರದಲ್ಲಿ, ಅವನ ವಾಹನ ಕರ್ನಾಟಕದಲ್ಲಿ! ಕಥೆ ಸೊಗಸಾಗಿದೆ. ಆದರೆ ನಂದಿಯಿಲ್ಲದ ಜಾಗದಲ್ಲಿ ಶಿಲ್ಪಿ ಏನು ಕಟ್ಟಿದ ಎಂಬುದನ್ನು ಕಥೆ ಹೇಳುವುದಿಲ್ಲ.

ಅವನು ಕಟ್ಟಿದ್ದು ಸ್ವರ್ಗಮಂಟಪ. ಗುಡಿ ಪೂರ್ವಾಭಿಮುಖ. ಎಲ್ಲಕ್ಕೂ ಮುಂದೆ, ಪೂರ್ವಕ್ಕೆ, ಗೋಡೆಯಿಲ್ಲದ ಈ ಮಂಟಪ. ಅದರ ಹಿಂದೆ ಸಭಾಮಂಟಪ, ಅಂತರಾಳ, ಗರ್ಭಗುಡಿ. ಸ್ವರ್ಗಮಂಟಪಕ್ಕೆ 48 ಕಂಬಗಳು. ದುಂಡು, ಚೌಕ, ಆರು ಮೂಲೆ, ಎಂಟು ಮೂಲೆ ಎಂದು ಅವುಗಳ ಆಕಾರ ಬೇರೆ ಬೇರೆ. ನಟ್ಟನಡುವೆ 12 ಕಂಬಗಳು ವರ್ತುಲವಾಗಿ ನಿಂತಿವೆ. ಅವುಗಳ ಮೇಲೆ ಕಲ್ಲಿನ ವರಸೆಗಳು ಒಂದರ ಮೇಲೊಂದು ಒಳಕ್ಕೆ ಚಾಚುತ್ತ ಏರಿ, ಇನ್ನೇನು ಕೂಡಿಕೊಳ್ಳಬೇಕು ಎನ್ನುವಲ್ಲಿ ನಿಂತುಬಿಡುತ್ತವೆ. ನೆತ್ತಿಯಲ್ಲಿ ಸುಮಾರು 13 ಅಡಿ ಅಡ್ಡಳತೆಯ ದುಂಡನೆಯ ತೆರಪು. ಅದರ ಕೆಳಗೆ ನೆಲದಲ್ಲಿ ಅಷ್ಟೇ ಅಗಲದ ದುಂಡು ಹಾಸುಗಲ್ಲು.

ನವರಂಗದ ನಡುವಿನ ಚಾವಣಿಗೆ ನಮ್ಮಲ್ಲಿ ‘ಭುವನೇಶ್ವರಿ’ ಎಂಬ ಒಳ್ಳೆಯ ಹೆಸರಿದೆ. ಬೇಲೂರಿನಲ್ಲಿ, ಹಳೇಬೀಡಿನಲ್ಲಿ, ಇಟಗಿಯಲ್ಲಿ ಅದನ್ನು ನೋಡಿದವರು ಬಲ್ಲರು: ಶಿಲ್ಪಿ ತನ್ನ ಜಾಣ್ಮೆಯನ್ನೆಲ್ಲ ಅಲ್ಲಿ ಸುರಿದಿರುತ್ತಾನೆ, ಕಲ್ಲಿನ ಕಮಲ ಕೆಳಮುಖವಾಗಿ ತೂಗುತ್ತಿರುತ್ತದೆ. ಖಿದ್ರಾಪುರದಲ್ಲಿ ಕಮಲವಿರಬೇಕಾದ ಜಾಗದಲ್ಲಿ ಆಕಾಶವಿದೆ.

ಇದು ಪೂರ್ತಿಯಾಗದೆ ಉಳಿದ ಚಾವಣಿ ಎಂದು ಕೆಲವರು ಹೇಳುವುದುಂಟು. ನನಗೆ ಒಪ್ಪಿಗೆಯಿಲ್ಲ. ಕೆಳಗಿನ ಹಾಸುಗಲ್ಲು ಮೇಲಿನ ತೆರಪಿಗೆ ಅಳತೆ ಮಾಡಿ ಇಟ್ಟಂತಿದೆ. ಸುತ್ತಲೂ ಕಾರ್ತಿಕೇಯ, ದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಡನೆ ಆ ವರ್ತುಲಕ್ಕೆ ಕಾವಲು ಬಂದವರಂತೆ ನಿಂತಿದ್ದಾರೆ. ದಿಕ್ಕುಗಳ ಒಡೆಯರನ್ನು ಕರೆತಂದು ಆಕಾಶದ ಅಂಚಿನಲ್ಲಿ ನಿಲ್ಲಿಸಿದವನು ಆ ಆಕಾಶವನ್ನು ಮುಚ್ಚುವ ಯೋಚನೆಯಲ್ಲಿದ್ದ ಎಂದು ನಂಬುವುದು ಕಷ್ಟ. ಹೋಮದ ಹೊಗೆ ಹೋಗಲೆಂದು ಬಿಟ್ಟದ್ದು ಎನ್ನುವವರೂ ಇದ್ದಾರೆ. ಇದ್ದರೂ ಇರಬಹುದು. ಆದರೆ ಸುತ್ತಲೂ ಗೋಡೆಯೇ ಇಲ್ಲದ ಮಂಟಪದಲ್ಲಿ ಹೊಗೆಗೆ ಬೇರೆ ದಾರಿಯೇ ಇರಲಿಲ್ಲವೇ?

ಇಲ್ಲಿ ಸ್ವಲ್ಪ ದೂರದ ದೇಶದ ಹೋಲಿಕೆ ತರುತ್ತೇನೆ. ನಮ್ಮ ಮಕ್ಕಳಲ್ಲಿ ಹಲವರು ಈಗ ಆ ಕಡೆಗೇ ಇದ್ದಾರೆ, ರಜೆಯಲ್ಲಿ ಅಲ್ಲಿನ ಚರ್ಚುಗಳ ಚಿತ್ರ ಕಳಿಸುತ್ತಾರೆ. ಇಂಗ್ಲೆಂಡಿನ ಡರಹ್ಯಾಮ್ ಮಹಾಮಂದಿರವನ್ನು ಕಟ್ಟತೊಡಗಿದ್ದು 1093ರಲ್ಲಿ, ಅದರ ಚಾವಣಿ ಮುಗಿದದ್ದು 1133ರಲ್ಲಿ. ಇಟಗಿಯ ಮಹಾದೇವ ಗುಡಿ 1112ರದು, ಬೇಲೂರು 1117ರದು, ಖಿದ್ರಾಪುರವೂ ಅದೇ ಶತಮಾನದ್ದು. ಅತ್ತ ಅವರು ಕಲ್ಲಿನ ಪಕ್ಕೆಲುಬುಗಳನ್ನು ಕಮಾನಾಗಿ ಬಗ್ಗಿಸಿ ಎತ್ತರಕ್ಕೆ ಚಾವಣಿ ಹೊದಿಸಿದರು. ಕಮಾನಿನ ಭಾರ ಪಕ್ಕಕ್ಕೆ ನೂಕುತ್ತದೆ, ಆದ್ದರಿಂದ ದಪ್ಪ ಗೋಡೆ ಬೇಕು, ಆತುಕೊಡುವ ಕಟ್ಟೋಣ ಬೇಕು. ನೆತ್ತಿಯ ಕೀಲುಗಲ್ಲು ಕೂಡದೆ ಕಮಾನು ನಿಲ್ಲದು. ನಮ್ಮ ಶಿಲ್ಪಿ ಕಮಾನಿನ ಗೊಡವೆಗೆ ಹೋಗಲಿಲ್ಲ. ಅವನ ಒಂದೊಂದು ವರಸೆಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುತ್ತದೆ, ಹಿಂಬದಿಯ ಭಾರ ಅದನ್ನು ಮಗುಚದಂತೆ ಒತ್ತಿ ಹಿಡಿಯುತ್ತದೆ, ಎಲ್ಲ ತೂಕವೂ ನೆಟ್ಟಗೆ ಕಂಬಕ್ಕೆ ಇಳಿಯುತ್ತದೆ. ಈ ಪದ್ಧತಿಯಲ್ಲಿ ಅಗಲವಾದ ಅಂಕಣ ಕಟ್ಟಲಾಗದು, ಕಂಬಗಳ ಕಾಡೇ ಬೇಕಾಗುತ್ತದೆ. ಅದು ಇದರ ಕೊರತೆ. ಆದರೆ ಪ್ರತಿ ವರಸೆಯೂ ತಾನಾಗಿ ನಿಲ್ಲುವುದರಿಂದ ಕೊನೆಯ ಕಲ್ಲಿನ ಹಂಗಿಲ್ಲ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ಬೇರೆ ಗುಡಿಗಳ ಶಿಲ್ಪಿಗಳು ಈ ಸ್ವಾತಂತ್ರ್ಯವನ್ನು ಬಳಸದೆ ಕಮಲ ತೂಗಿಸಿದರು; ಖಿದ್ರಾಪುರದವನು ಬಳಸಿಕೊಂಡ. ಅವನ ಹೆಚ್ಚುಗಾರಿಕೆ ಇರುವುದು ಇಲ್ಲಿ.

ಬೆಳಕಿನ ವಿಷಯದಲ್ಲಿ ಡರಹ್ಯಾಮಿಗಿಂತ ಈಲಿ ಎಂಬ ಊರಿನ ಮಹಾಮಂದಿರ ಹೆಚ್ಚು ಹತ್ತಿರದ ಹೋಲಿಕೆ. ಅಲ್ಲಿ 1322ರಲ್ಲಿ ನಡುಗೋಪುರ ಕುಸಿಯಿತು. ಅದನ್ನು ಮೊದಲಿದ್ದಂತೆ ಎತ್ತದೆ, ಎಂಟು ಮೂಲೆಯ ಅಗಲವಾದ ತೆರವು ಬಿಟ್ಟು, ಮೇಲೆ ಓಕ್ ಮರದ ದೊಡ್ಡ ತೊಲೆಗಳಿಂದ ಗಾಜಿನ ಕಿಟಕಿಗಳ ದೀಪಗೂಡಿನಂಥ ಗೋಪುರ ಕಟ್ಟಿದರು. ಕತ್ತಲೆಯ ನಡುವೆ ನಡೆದು ಬಂದ ಭಕ್ತನ ಮೇಲೆ ನಟ್ಟನಡುವೆ ಬೆಳಕು ಬೀಳುತ್ತದೆ. ಖಿದ್ರಾಪುರದ ಕ್ರಮ ಇದಕ್ಕೆ ತಿರುಗುಮುರುಗು. ಇಲ್ಲಿ ಬೆಳಕು ಮೊದಲು. ಹಾಸುಗಲ್ಲಿನ ಮೇಲೆ ನಿಂತು ಪಶ್ಚಿಮಕ್ಕೆ ನೋಡಿ: ಸಭಾಮಂಟಪದ ನಸುಗತ್ತಲು, ಅದರಾಚೆ ಅಂತರಾಳ, ಅದರಾಚೆ ಒಂದು ಹಣತೆಯಷ್ಟೇ ಕಾಣುವ ಗರ್ಭಗುಡಿ. ಆಕಾಶದಿಂದ ಹೊರಟು ಹೆಜ್ಜೆ ಹೆಜ್ಜೆಗೂ ಬೆಳಕನ್ನು ಬಿಡುತ್ತ ಹೋಗಬೇಕು. ಅದಕ್ಕೇ ಮಧ್ಯಾಹ್ನದ ಬಿಸಿಲಿನಲ್ಲಿ ಈ ಗುಡಿಯನ್ನು ನೋಡಬೇಕೆಂದು ನನ್ನ ಅಭಿಪ್ರಾಯ, ಬೆಳದಿಂಗಳಲ್ಲಲ್ಲ.

ಬೆಳದಿಂಗಳ ಮಾತು ಬಂತು. ಕಾರ್ತಿಕ ಹುಣ್ಣಿಮೆಯ ಮಧ್ಯರಾತ್ರಿ ಚಂದ್ರ ಸರಿಯಾಗಿ ತೆರಪಿನ ಮೇಲೆ ಬರುವ ಚಿತ್ರ ಈಗ ಎಲ್ಲರ ಮೊಬೈಲಿನಲ್ಲೂ ಹರಿದಾಡುತ್ತದೆ. ಅದರಲ್ಲಿ ಸುಳ್ಳಿಲ್ಲ. ಖಿದ್ರಾಪುರ 16.7 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ನವೆಂಬರದಲ್ಲಿ ಸೂರ್ಯ ದಕ್ಷಿಣಕ್ಕೆ ಹೆಚ್ಚು ಕಡಿಮೆ ಅಷ್ಟೇ ಸರಿದಿರುತ್ತಾನೆ. ಅವನಿಗೆ ಎದುರಾದ ಹುಣ್ಣಿಮೆಯ ಚಂದ್ರ ಉತ್ತರಕ್ಕೆ ಅಷ್ಟೇ ಸರಿದು ಮಧ್ಯರಾತ್ರಿ ನೆತ್ತಿಯ ಬಳಿ ಬರುತ್ತಾನೆ. ಆದರೆ ಅದೇ ಲೆಕ್ಕದಲ್ಲಿ ಜನವರಿ ಕೊನೆಯ ಹುಣ್ಣಿಮೆಗೂ ಬರಬೇಕು, ಬರುತ್ತಾನೆ ಕೂಡ. ವರ್ಷದಿಂದ ವರ್ಷಕ್ಕೆ ಕೆಲವು ಡಿಗ್ರಿ ಆಚೀಚೆ ಆಗುವುದೂ ಉಂಟು. ಮೇ ಮೊದಲ ವಾರದಲ್ಲೂ ಆಗಸ್ಟಿನ ಮೊದಲ ವಾರದಲ್ಲೂ ಮಧ್ಯಾಹ್ನದ ಸೂರ್ಯನೇ ಇಲ್ಲಿ ನೆತ್ತಿಯ ಮೇಲಿರುತ್ತಾನೆ. ಆಗ ಬೆಳಕಿನ ದುಂಡು ನೇರ ಹಾಸುಗಲ್ಲಿನ ಮೇಲೆ ಬೀಳಬೇಕು. ಆಗಸ್ಟಿನಲ್ಲಿ ಮೋಡ ಬಿಟ್ಟರೆ ತಾನೇ! ಒಂದು ರಾತ್ರಿಯ ಪವಾಡವೆಂದು ಹೇಳಿ ಉಳಿದ ದಿನಗಳ ಗುಡಿಯನ್ನು ಸಪ್ಪೆ ಮಾಡುವುದು ನನಗೆ ಹಿಡಿಸುವುದಿಲ್ಲ.

ಎಲ್ಲವೂ ಒಂದೇ ಮಟ್ಟದ ಕೆಲಸವಲ್ಲ ಎಂಬುದನ್ನೂ ಹೇಳಬೇಕು. ಶಿಖರ ಕೆಳಗಿನ ಗೋಡೆಗೆ ಹೊಂದುವುದಿಲ್ಲ; ನಂತರದವರ ಕೈ ಎಂದು ನೋಡಿದೊಡನೆ ಅನಿಸುತ್ತದೆ. ಬೇಲೂರಿನ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಉಗುರಿನಷ್ಟು ಸಣ್ಣ ಒಡವೆಯನ್ನೂ ಅದರಲ್ಲಿ ಕೊರೆಯಬಹುದು. ಇಲ್ಲಿಯದು ಕಪ್ಪು ಬಸಾಲ್ಟು, ದಖ್ಖನಿನ ಗಟ್ಟಿ ಕಲ್ಲು. ಬೇಲೂರಿನ ಕಣ್ಣಿಟ್ಟುಕೊಂಡು ಬಂದವರಿಗೆ ಇಲ್ಲಿನ ಮೂರ್ತಿಗಳು ತುಸು ಒರಟೆನಿಸುತ್ತವೆ. ಆದರೆ ಗೋಡೆಯ ಬುಡದಲ್ಲಿ ಸಾಲಾಗಿ ಇಡೀ ಗುಡಿಯನ್ನು ಹೊತ್ತು ನಿಂತ ತೊಂಬತ್ತರಷ್ಟು ಆನೆಗಳಿವೆಯಲ್ಲ, ಅವಕ್ಕೆ ಆ ಒರಟುತನವೇ ಒಪ್ಪುತ್ತದೆ. ಬೆನ್ನ ಮೇಲೆ ದೇವತೆಗಳನ್ನು ಹೊತ್ತಿವೆ. ಬಹಳಷ್ಟಕ್ಕೆ ಸೊಂಡಿಲು, ಮುಖ ಒಡೆದಿವೆ. ಕೃಷ್ಣೆಯ ಮಹಾಪೂರ ಈ ಶಿರೋಳ ತಾಲೂಕನ್ನು 2005ರಲ್ಲಿ, 2019ರಲ್ಲಿ, ಮತ್ತೆ 2021ರಲ್ಲಿ ಮುಳುಗಿಸಿತು. ನದಿ ಇಷ್ಟು ಹತ್ತಿರವಿರುವ ಗುಡಿಗೆ ಅಂಥ ನೆರೆಗಳು ಹೊಸವಲ್ಲ. ಆನೆಗಳು ಮಾತ್ರ ಕಾಲು ಕದಲಿಸಿಲ್ಲ.

ನಮ್ಮ ಪುಣೆಯಲ್ಲೇ, ಜಂಗಲಿ ಮಹಾರಾಜ ರಸ್ತೆಯ ಗದ್ದಲದಿಂದ ಹತ್ತು ಮೆಟ್ಟಿಲು ಕೆಳಗೆ, ರಾಷ್ಟ್ರಕೂಟರ ಕಾಲದ ಪಾತಾಳೇಶ್ವರವಿದೆ. ಅಲ್ಲಿಯೂ ಗುಹೆಯ ಮುಂದೆ ದುಂಡನೆಯ ಮಂಟಪ, ಬಂಡೆಯನ್ನೇ ಕಡೆದು ಮಾಡಿದ್ದು. ಅದಕ್ಕೆ ಕಲ್ಲಿನ ಚಾವಣಿ ಇದೆ, ಒಳಗೆ ನಂದಿ ಇದೆ. ಖಿದ್ರಾಪುರಕ್ಕೆ ಹೊರಡುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಆ ಚಾವಣಿಯನ್ನೊಮ್ಮೆ ತಲೆಯೆತ್ತಿ ನೋಡಲು ಹೇಳಿ. ಆಮೇಲೆ ಖಿದ್ರಾಪುರದಲ್ಲಿ ಹಾಸುಗಲ್ಲಿನ ಮೇಲೆ ನಿಲ್ಲಿಸಿ, ಮತ್ತೆ ತಲೆಯೆತ್ತಲು ಹೇಳಿ. ಶಾಸನ ಯಾವ ಭಾಷೆಯದೆಂದು ಅವರೇ ಕೇಳುತ್ತಾರೆ, ಆಗ ತೋರಿಸಿದರಾಯಿತು.