ಸಂಮಿಶ್ರಸಂಖ್ಯೆಗಳ ಹಸ್ತಾಂತರ: ಒಂದು ವಿಮರ್ಶೆ

ಗಣಕದ ಭಾಷೆಗಳಲ್ಲಿ ಸಂಮಿಶ್ರಸಂಖ್ಯೆಯೆಂಬುದು ವಾಸ್ತವಭಾಗ, ಕಾಲ್ಪನಿಕಭಾಗಗಳೆಂಬ ಎರಡು ಅವಯವಗಳುಳ್ಳ ಸಮಾಸದಂತಿರುವುದು. 1966ರ ಫೋರ್‌ಟ್ರಾನ್ ನಿಯಮಗ್ರಂಥದಲ್ಲಿಯೇ ಇದಕ್ಕೆ ಸ್ಥಾನವಿದ್ದಿತು. ಸಿ ಭಾಷೆಯು 1999ರಲ್ಲಿ ಇದನ್ನು ಅಂಗೀಕರಿಸಿ, ಎರಡು ವಾಸ್ತವಸಂಖ್ಯೆಗಳ ಪಂಕ್ತಿಗೆ ಸ್ಮರಣಕೋಶದಲ್ಲಿ ಯಾವ ರೂಪವೋ ಇದಕ್ಕೂ ಅದೇ ರೂಪವಿರತಕ್ಕದ್ದೆಂದು ವಿಧಿಸಿತು. ರೂಪವು ಏಕವಾದ ಮೇಲೆ ಒಂದು ಭಾಷೆಯ ಫಂಕ್ಷನ್ನನ್ನು ಮತ್ತೊಂದರಿಂದ ಕರೆಯಲು ಬಾಧಕವೇನೆಂದು ಕೆಲವರು ಕೇಳುವರು. ಈ ಪೂರ್ವಪಕ್ಷವು ನಿಲ್ಲತಕ್ಕದ್ದಲ್ಲ. ಕೋಶದಲ್ಲಿ ಇರುವ ರೀತಿ ಬೇರೆ. ಕೈಯಿಂದ ಕೈಗೆ ದಾಟುವ ರೀತಿ ಬೇರೆ.

ಬೀಜಗಣಿತದ ಬ್ಲಾಸ್ ಸಂಗ್ರಹದಲ್ಲಿರುವ ಜೆಡ್‌ಡಾಟ್‌ಸಿ ಎಂಬ ಫಂಕ್ಷನ್ನನ್ನು ಪರಿಶೀಲಿಸೋಣ. ಇದು ಎರಡು ಸಂಮಿಶ್ರಸದಿಶಗಳ ಅಂತರ್ಗುಣಲಬ್ಧವನ್ನು ಕೊಡುವುದು. ಇಂಟೆಲ್ ಕುಲದ 64 ಬಿಟ್ಟಿನ ಲಿನಕ್ಸ್ ಯಂತ್ರಗಳಲ್ಲಿ ಜಿಫೋರ್‌ಟ್ರಾನ್ ಕಂಪೈಲರು ಫಲದ ಎರಡು ಭಾಗಗಳನ್ನು ಎರಡು ರಿಜಿಸ್ಟರುಗಳಲ್ಲಿಟ್ಟು ಒಪ್ಪಿಸುವುದು. ಫೋರ್‌ಟ್ರಾನನ್ನು ಸಿ ಭಾಷೆಗೆ ಪರಿವರ್ತಿಸುವ ಎಫ್‌ಟುಸಿಯ ಸಂಪ್ರದಾಯವಾದರೋ, ಫಲವನ್ನು ಬರೆಯತಕ್ಕ ವಿಳಾಸವನ್ನು ಗುಪ್ತವಾಗಿ ಮೊದಲಲ್ಲಿಯೇ ಬೇಡುವುದು. ಒಂದರ ರೀತಿಯಲ್ಲಿ ಕರೆದು ಮತ್ತೊಂದರ ಫಂಕ್ಷನ್ ಓಗೊಟ್ಟರೆ, ಸದಿಶದ ಉದ್ದವಿರುವ ವಿಳಾಸವನ್ನೇ ಅದು ಫಲಸ್ಥಾನವೆಂದು ಭ್ರಮಿಸುವುದು. ಉಳಿದ ವಿಳಾಸಗಳೆಲ್ಲ ಒಂದೊಂದು ಸ್ಥಾನ ಜಾರುವುವು. ಭಾಗಗಳನ್ನು ಬೆಸೆಯುವ ಲಿಂಕರು ಹೆಸರನ್ನು ಮಾತ್ರ ನೋಡುವುದರಿಂದ ಎಚ್ಚರಿಕೆಯ ಮಾತೊಂದೂ ಬಾರದು. ಕೆಲಸವು ನಡುವೆ ಮುರಿದುಬಿದ್ದರೆ ಪುಣ್ಯ. ತಪ್ಪು ಫಲವೇ ಸರಿಯೆಂದು ನಿಂತರೆ ಅನರ್ಥ.

ತ್ವಷ್ಟೃವಿನ ಯಾಗದ ಕಥೆಯು ಇಲ್ಲಿ ಸ್ಮರಣೀಯ. ‘ಇಂದ್ರಶತ್ರು’ ಎಂಬ ಪದದ ಅಕ್ಷರಗಳಲ್ಲಿ ದೋಷವಿರಲಿಲ್ಲ. ಆದರೆ ಇಂದ್ರನನ್ನು ಕೊಲ್ಲುವವನೆಂಬ ತತ್ಪುರುಷವು ಸ್ವರದೋಷದಿಂದ, ಇಂದ್ರನೇ ಕೊಲ್ಲುವವನಾಗಿ ಉಳ್ಳವನೆಂಬ ಬಹುವ್ರೀಹಿಯಾಯಿತು, ವೃತ್ರನು ಹತನಾದನು. ಅಕ್ಷರಸಾಮ್ಯವು ಅರ್ಥಸಾಮ್ಯವನ್ನು ಕೊಡದು.

ಎಫ್‌ಟುಸಿಯನ್ನು ದೂಷಿಸುವುದು ನ್ಯಾಯವಲ್ಲ. ಅದು ಹುಟ್ಟಿದಾಗ ಸಿ ಭಾಷೆಯಲ್ಲಿ ಈ ಜಾತಿಯೇ ಇರಲಿಲ್ಲ. ಜಿಫೋರ್‌ಟ್ರಾನ್ ಕೂಡ ವಿಶೇಷ ಸೂಚನೆಯಿತ್ತರೆ ಆ ಹಳೆಯ ಸಂಪ್ರದಾಯವನ್ನು ಅನುಸರಿಸಬಲ್ಲುದು. ಫಂಕ್ಷನ್ನಿನ ಹೆಸರು ತನ್ನ ಸಂಪ್ರದಾಯದ ಗುರುತನ್ನು ಹೊರದಿರುವುದೇ ನಿಜವಾದ ದೋಷ. 2003ರ ಫೋರ್‌ಟ್ರಾನ್ ಸಿ ಭಾಷೆಯೊಡನೆ ಬೆಸೆಯುವ ವಿಧಿಯನ್ನು ಕೊಟ್ಟಿತಾದರೂ, ಅದು ಹೊಸ ಬರಹಕ್ಕೆ ಸಲ್ಲುವುದೇ ಹೊರತು ಹಳೆಯ ಸಂಗ್ರಹಗಳನ್ನು ತಾನಾಗಿ ತಿದ್ದದು.

ಆದುದರಿಂದ ಸಿಬ್ಲಾಸ್ ಹಿಡಿದ ಮಾರ್ಗವೇ ಶ್ರೇಯಸ್ಕರವೆಂದು ನಮ್ಮ ಅಭಿಪ್ರಾಯ. ಅಲ್ಲಿ ಇದೇ ಕಾರ್ಯವು ಏನನ್ನೂ ಹಿಂದಿರುಗಿಸದೆ, ಕರೆದವನು ಬಹಿರಂಗವಾಗಿ ತೋರಿಸಿದ ಸ್ಥಾನದಲ್ಲಿ ಫಲವನ್ನು ಬರೆಯುವುದು. ನಮ್ಮ ದೊಡ್ಡೇರಿ ಸೀಮೆಯ ರೈತನು ತೂಬೆತ್ತುವ ಮುನ್ನವೇ ನೀರು ಯಾವ ಕಾಲುವೆಗೆಂದು ಗೊತ್ತುಮಾಡಿಕೊಳ್ಳುವನು. ಎರಡು ಭಾಷೆಗಳ ಗಡಿಯಲ್ಲಿಯೂ ಬೇಕಾದುದು ಅಷ್ಟೇ ವಿವೇಕ.