‘ಉಚಿತ’ವೆಂಬ ಮಾತೂ ತಂತ್ರಾಂಶದ ಅನುಮತಿಯೂ

ನಮ್ಮ ದೇಶದ ಗ್ರಂಥಸ್ವಾಮ್ಯದ ಕಾಯಿದೆಯು (1957) ಗಣಕಯಂತ್ರದ ಕ್ರಮವಿಧಿಯನ್ನು ಇಂದು ಸಾಹಿತ್ಯಕೃತಿಗಳಲ್ಲಿಯೇ ಎಣಿಸುತ್ತದೆ. ಆದಕಾರಣ ಅದರ ಅನುಮತಿಪತ್ರದ ಭಾಷೆಯನ್ನು ವಿಮರ್ಶಿಸುವುದು ಸಾಹಿತ್ಯವನ್ನು ಓದುವವರಿಗೆ ಅನಧಿಕಾರಚರ್ಚೆಯಾಗಲಾರದು.

ಆಂಗ್ಲರ ‘ಫ್ರೀ’ ಶಬ್ದಕ್ಕೆ ಬೆಲೆಯಿಲ್ಲದುದು, ಬಂಧನವಿಲ್ಲದುದು ಎಂದು ಎರಡರ್ಥ. ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಶಬ್ದಗಳಿದ್ದರೂ ‘ಸ್ವತಂತ್ರ’ವೆನ್ನಬೇಕಾದಲ್ಲಿ ‘ಉಚಿತ ತಂತ್ರಾಂಶ’ವೆಂದು ಬರೆಯುವವರುಂಟು. (ಸಂಸ್ಕೃತದಲ್ಲಿ ‘ಯೋಗ್ಯ’ವೆಂಬರ್ಥದ ಈ ಶಬ್ದ ನಮ್ಮಲ್ಲಿ ಪುಕ್ಕಟೆಯಾದುದೇ ಒಂದು ವಿನೋದ, ಅದಿರಲಿ.) 1998ರಲ್ಲಿ ಹೊರಬಂದ ‘ಬರಹ’ವು ಬಹುಕಾಲ ಉಚಿತವಾಗಿದ್ದು ಮುಂದೆ ಬೆಲೆಗೊಳಪಟ್ಟಿತು. ಅದರಲ್ಲಿ ವಚನಭಂಗವೇನೂ ಇಲ್ಲ. ಉಚಿತವೆಂಬುದು ಬೆಲೆಯ ಮಾತೇ ಹೊರತು ಹಕ್ಕಿನ ಮಾತಲ್ಲ.

ಇದಕ್ಕಿಂತ ಸೂಕ್ಷ್ಮವಾದುದು ಕರ್ತೃವಿನ ಮೌನ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಯಕ್ಷಗಾನ ಪ್ರಸಂಗಗಳು ಕೈಬರಹದ ಪ್ರತಿಗಳಾಗಿಯೇ ಮನೆಯಿಂದ ಮನೆಗೆ ನಡೆದುಬಂದವು. ತಪ್ಪಿದ್ದಲ್ಲಿ ತಿದ್ದಿ ಓದಿಕೊಳ್ಳಬೇಕೆಂದು ಲಿಪಿಕಾರರು ಹಸ್ತಪ್ರತಿಗಳ ಕೊನೆಯಲ್ಲಿ ಬೇಡುವ ವಾಡಿಕೆ ವಿದ್ವಾಂಸರಿಗೆ ವಿದಿತವೇ ಆಗಿದೆ. ಅದು ಬರಿಯ ವಿನಯೋಕ್ತಿಯಲ್ಲ, ತಿದ್ದುವುದಕ್ಕೆ ಕೊಟ್ಟ ಅನುಮತಿಯೆಂದೇ ನಮ್ಮ ಮತ. ಇಂದಿನ ನ್ಯಾಯ ಇದಕ್ಕೆ ವಿಪರೀತ. ಸ್ವಾಮ್ಯವು ನೋಂದಣಿಯಿಲ್ಲದೆಯೇ ಹುಟ್ಟಿ, ಕರ್ತೃವಿನ ಮರಣಾನಂತರ 60 ವರ್ಷ ಉಳಿಯುತ್ತದೆ. ಆ ಪ್ರಸಂಗಗಳನ್ನೇ ಗಣಕಕ್ಕೇರಿಸಲು ಒಬ್ಬನು ಕ್ರಮವಿಧಿಯೊಂದನ್ನು ರಚಿಸಿ, ಮೂಲಪಾಠವನ್ನು ಎಲ್ಲರಿಗೂ ಕಾಣುವಂತಿಟ್ಟು, ಅನುಮತಿಯನ್ನು ಮಾತ್ರ ಬರೆಯದೆಹೋದರೆ, ಅದನ್ನು ತಿದ್ದಿ ಹಂಚುವ ಹಕ್ಕು ಪರರಿಗೆ ಹುಟ್ಟುವುದಿಲ್ಲ. ಆತನ ಔದಾರ್ಯ ಮನಸ್ಸಿನಲ್ಲಿಯೇ ಉಳಿಯಿತು. ಆತನು ತೀರಿಕೊಂಡ ಮೇಲೆ ಕೇಳುವುದಾದರೂ ಯಾರನ್ನು?

ಈ ಮೌನವನ್ನು ಮುರಿಯುವ ಪತ್ರಗಳಲ್ಲಿ ಪ್ರಸಿದ್ಧವಾದುದು 1989ರಲ್ಲಿ ರಿಚರ್ಡ್ ಸ್ಟಾಲ್ಮನ್ನರು ಬರೆದ ಗ್ನೂ ಸಾರ್ವಜನಿಕ ಪರವಾನಗಿ. ಅದು ಸ್ವಾಮ್ಯವನ್ನು ತ್ಯಜಿಸುವುದಿಲ್ಲ. ಸ್ವಾಮ್ಯದ ಬಲದಿಂದಲೇ, ತಿದ್ದಿ ಹಂಚುವವನು ಮೂಲಪಾಠವನ್ನೂ ಅದೇ ನಿಬಂಧನೆಯ ಮೇಲೆ ಕೊಡತಕ್ಕದ್ದೆಂದು ವಿಧಿಸುತ್ತದೆ. ನಮ್ಮ ಲಿಪಿಕಾರನ ವಾಕ್ಯದಲ್ಲಿ ಈ ಕಟ್ಟಿಲ್ಲ. ಆದರೆ ಪತ್ರವೂ ನಿರ್ದುಷ್ಟವಲ್ಲ. ಇದನ್ನು ಅಕ್ಷರಗಳ ಫಾಂಟಿಗೆ ಹೊಂದಿಸಿದರೆ, ಆ ಫಾಂಟನ್ನು ಒಳಗಿರಿಸಿಕೊಂಡ ಪ್ರಸಂಗದ ಪುಸ್ತಕವೂ ನಿಬಂಧನೆಗೆ ಸಿಲುಕುವುದೋ ಎಂಬ ಶಂಕೆ ಏಳುತ್ತದೆ. ತಾರ್ಕಿಕರು ಇದನ್ನು ಅತಿವ್ಯಾಪ್ತಿಯೆನ್ನುವರು. ಇದರ ಪರಿಹಾರಕ್ಕಾಗಿಯೇ ಫಾಂಟುಗಳಿಗೆ ಪ್ರತ್ಯೇಕವಾದ ಅಪವಾದವಾಕ್ಯವೊಂದನ್ನು ಸೇರಿಸಬೇಕಾಯಿತು.

ಮತ್ತೊಂದು ತೊಡಕು ಭಾಷೆಯದು. ಈ ಪರವಾನಗಿಯ ಅನುವಾದಗಳನ್ನು ಅದರ ಪ್ರಕಾಶಕರು ಅಧಿಕೃತವೆಂದು ಒಪ್ಪುವುದಿಲ್ಲ, ಆಂಗ್ಲಪಾಠವೊಂದೇ ಪ್ರಮಾಣ. ಸಿದ್ದಾಪುರದ ಗ್ರಂಥಕರ್ತನು ತನ್ನ ಕನ್ನಡ ಕೃತಿಯ ದಾನಪತ್ರಕ್ಕೆ ಇನ್ನೂ ಆ ಪಾಠದ ಕೆಳಗೆಯೇ ಹೆಸರು ಹಾಕಬೇಕಾಗಿದೆ.